ಬೇರಿಗಂಟಿದ ಬಿಳಿ ಎಳೆ

“ಗುರುಗಳೇ, ಮನೆ ಬಿಟ್ಟು ಬಂದೆ. ಮನೆಯವರ ನೆನಪು ಮಾತ್ರ ನನ್ನನ್ನು ಬಿಡುತ್ತಿಲ್ಲ. ಅದರಿಂದ ಪಾರಾಗುವುದು ಹೇಗೆ?” ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಉತ್ತರದಲ್ಲಿ, ಹಿಮದ ಬೆಟ್ಟಗಳ ಕೆಳಗೆ, ಉತೀಸ್ ಎಂಬ ಮರಗಳ ಕಾಡಿದೆ. ಅದರ ಪಕ್ಕದ ಊರಿನಲ್ಲಿ ಒಬ್ಬ ಕುರಿಗಾಹಿಯೂ ಅವನ ಹೆಂಡತಿಯೂ ಇದ್ದರು. ಒಂದು ಮಳೆಗಾಲ ಊರಿನ ಮೇಲಿನ ಗುಡ್ಡ ಕುಸಿಯಿತು. ಅವರ ಮಗಳು ಮಣ್ಣಿನಡಿಗೆ ಹೋದಳು. ದೇಹವೂ ಸಿಗಲಿಲ್ಲ.

ಗುಡ್ಡ ಬೋಳಾಗಿ ನಿಂತಿತು. ಇನ್ನೊಂದು ದೊಡ್ಡ ಮಳೆ ಬಂದರೆ ಊರು ಉಳಿಯುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಗುಡ್ಡದ ಮಣ್ಣು ಹಿಡಿದು ನಿಲ್ಲಲೆಂದು ಅಲ್ಲಿ ನೆಡಲು ಕುರಿಗಾಹಿ ಕಾಡಿನಿಂದ ಉತೀಸ್ ಸಸಿಗಳನ್ನು ಕಿತ್ತು ತಂದ. ಬೇರುಗಳಿಗೆ ಬೂಷ್ಟಿನಂಥ ಬಿಳಿ ಎಳೆಗಳು ಸುತ್ತಿಕೊಂಡಿದ್ದವು. ಅವನು ಅವನ್ನು ಹೊಳೆಯಲ್ಲಿ ಉಜ್ಜಿ ತೊಳೆಯತೊಡಗಿದ.

“ಅದನ್ಯಾಕೆ ತೆಗೀತೀರಿ? ಇರಲಿ ಬಿಡಿ,” ಎಂದಳು ಹೆಂಡತಿ.

“ಕೊಳೆತದ್ದನ್ನು ಮಗಳ ಮೇಲೆ ನೆಡಲೇನು?” ಎಂದ ಅವನು.

ನೆಟ್ಟ ಸಸಿಗಳು ಹಳದಿಯಾಗಿ ಒಣಗಿದವು. ಮರುವರ್ಷ ಮತ್ತೆ ತೊಳೆದು ನೆಟ್ಟ. ಅವೂ ಒಣಗಿದವು.

ಒಂದು ಮಧ್ಯಾಹ್ನ ಅವನು ದಣಿದು ಕಾಡಿನಲ್ಲೇ ಮಲಗಿದ. ಕನಸಿನಲ್ಲಿ ಅವನು ನೆಲದೊಳಗಿದ್ದ. ಅಲ್ಲಿ ಕತ್ತಲಿತ್ತು, ಚಳಿಯಿರಲಿಲ್ಲ. ಬೇರಿನಿಂದ ಬೇರಿಗೆ ಬಿಳಿ ಎಳೆಗಳು ಹಬ್ಬಿದ್ದವು. ಕೈಯಿಂದ ಕೈಗೆ ಕೊಡ ದಾಟಿಸುವಂತೆ ಅವು ನೀರು ದಾಟಿಸುತ್ತಿದ್ದವು. ಮಗಳು ಅವುಗಳ ನಡುವೆ ಕೂತು ಎಳೆಗೆ ಎಳೆ ಸೇರಿಸುತ್ತಿದ್ದಳು. ಅಪ್ಪನನ್ನು ಕಂಡು ನಕ್ಕಳು, ಕೆಲಸ ಮಾತ್ರ ನಿಲ್ಲಿಸಲಿಲ್ಲ.

ಎಚ್ಚರಾದಾಗ ಅವನ ಮುಖದ ಪಕ್ಕದಲ್ಲಿ ಸಣ್ಣ ಕಂದು ಅಣಬೆಗಳಿದ್ದವು. ಬೆರಳಿನಿಂದ ಮಣ್ಣು ಬಗೆದ. ಎಲ್ಲೆಲ್ಲೂ ಅದೇ ಬಿಳಿ ಎಳೆಗಳು. ಅವು ಅಣಬೆಯಿಂದ ಹೊರಟು ಬೇರನ್ನು ಮುಟ್ಟಿದ್ದವು. ತಾನು ಹೊಳೆಯಲ್ಲಿ ಉಜ್ಜಿ ತೆಗೆದದ್ದು ಸಸಿಗೆ ನೀರುಣಿಸುವ ಎಳೆಗಳನ್ನೇ ಎಂದು ಅವನಿಗೆ ಆಗ ತಿಳಿಯಿತು.

ಆ ಸಲ ಗಂಡ ಹೆಂಡತಿ ಇಬ್ಬರೂ ಸಸಿಗಳನ್ನು ಬುಡದ ಮಣ್ಣಿನ ಸಮೇತ ಎತ್ತಿದರು. ಕಂಬಳಿಯಲ್ಲಿ ಸುತ್ತಿ, ಕೂಸನ್ನು ಹೊರುವಂತೆ ಹೊತ್ತು ತಂದು ನೆಟ್ಟರು. ಸಸಿಗಳು ಚಿಗುರಿದವು. ವರ್ಷಗಳು ಕಳೆದು ಗುಡ್ಡ ಕಾಡಾಯಿತು.

ಕೊನೆಗೆ ಆ ದೊಡ್ಡ ಮಳೆ ಬಂತು. ಊರವರು ಮಕ್ಕಳನ್ನು ಎತ್ತಿಕೊಂಡು ಹೊಳೆಯ ಆಚೆ ದಡಕ್ಕೆ ಓಡಿದರು. ಮಳೆ ನಿಂತ ಮೇಲೆ ತಿರುಗಿ ನೋಡಿದರೆ ಗುಡ್ಡ ಇದ್ದಲ್ಲೇ ಇತ್ತು. ಇಳಿಜಾರಿನ ತುಂಬ ಅಣಬೆ ಎದ್ದಿತ್ತು. ಕುರಿಗಾಹಿಯ ಹೆಂಡತಿ ಅವುಗಳ ನಡುವೆ ಕೂತು, ಮಗಳು ಹೋದ ಮೇಲೆ ಮೊದಲ ಸಲ ಅವಳ ಹೆಸರು ಹಿಡಿದು ಕೂಗಿದಳು.

ಗುರುಗಳು ಕತೆ ನಿಲ್ಲಿಸಿ ಶಿಷ್ಯನ ಕಡೆ ತಿರುಗಿದರು.

“ನಿನ್ನನ್ನು ಎತ್ತಿ ಆಡಿಸಿದವರು ಯಾರ್ಯಾರು? ಒಬ್ಬೊಬ್ಬರ ಹೆಸರೂ ಹೇಳು, ಕೇಳುತ್ತೇನೆ.”

ಶಿಷ್ಯ ಬಾಯಿ ತೆರೆದ. ಮೊದಲು ಅಮ್ಮನ ಹೆಸರು ಹೇಳಿದ, ಆಮೇಲೆ ಅಜ್ಜಿಯದು.