ಹಲ್ಲಿದ್ದವರು

ಊರಿನ ಹೆಣ್ಮಕ್ಕಳು ಒಬ್ಬರ ಹಿಂದೊಬ್ಬರು ನಾಯಿಯಂತೆ ಬೊಗಳತೊಡಗಿದರು. ಇದು ಬಾನಾಮತಿಯ ಮಾಟ ಎಂದು ಊರೇ ನಡುಗಿತು. ಮಾಡಿದ್ದು ಮುದುಕಿ ಸಾಬಮ್ಮ ಎಂದು ಯಾರೋ ಅಂದರು, ಎಲ್ಲರೂ ಹೌದೆಂದರು. ಅವಳನ್ನು ಎಳೆತಂದು ಚಾವಡಿಯ ಕಂಬಕ್ಕೆ ಕಟ್ಟಿದರು.

ಗೌಡ ಕ್ಷೌರಿಕನನ್ನು ಕರೆಸಿದ.

"ಬಾಯಾಗ ಹಲ್ಲಿದ್ರಷ್ಟೇ ಮಂತ್ರ ಫಲಿಸ್ತದ. ಆಕಿ ಹಲ್ಲು ಕಿತ್ತು ಹಾಕು. ಇಲ್ಲಾಂದ್ರ ನೀನೂ ಆಕಿ ಪೈಕಿ ಅಂತ ತಿಳೀತೀವಿ."

ಕ್ಷೌರಿಕ ಇಕ್ಕಳ ಹಿಡಿದು ಮುದುಕಿಯ ಬಾಯಿ ತೆರೆಸಿದ. ಬರೀ ಒಸಡು. ಅಷ್ಟು ಹೊತ್ತು ಅವಳ ಮುಖವನ್ನು ಯಾರೂ ಸರಿಯಾಗಿ ನೋಡಿರಲೇ ಇಲ್ಲ.

"ಗೌಡ್ರ, ಒಂದೂ ಹಲ್ಲಿಲ್ರಿ. ಅಂದಮ್ಯಾಗ ನಿಮ್ಮ ಮಾತಿನಂತೆ ಮಾಟ ಮಾಡಿದವರು ಹಲ್ಲಿದ್ದವರೇ. ಇಕ್ಕಳ ಹೆಂಗೂ ತಂದೀನಿ. ಎಲ್ಲಾರೂ ಬಾಯಿ ತೆರೀರಿ, ನೋಡೂನು. ನಿಮ್ಮಿಂದಲೇ ಸುರು ಮಾಡಲೇನ್ರಿ?"

ಗೌಡನ ಬಾಯಿ ತಟ್ಟನೆ ಮುಚ್ಚಿತು. ಅದುವರೆಗೆ 'ಕೀಳು, ಕೀಳು' ಎಂದು ಕೂಗುತ್ತಿದ್ದ ಊರೂ ತುಟಿ ಬಿಗಿಹಿಡಿಯಿತು. ಹಗ್ಗ ಬಿಚ್ಚು ಎಂದು ಗೌಡ ಕೈಸನ್ನೆಯಲ್ಲೇ ತೋರಿಸಿದ.

ಆ ಚಾವಡಿಯಲ್ಲಿ ಆಮೇಲೆ ಬಾಯಿ ತೆರೆದವಳು ಸಾಬಮ್ಮ ಒಬ್ಬಳೇ.

"ಒಂದೀಟು ನೀರು ಕೊಡ್ರೆಪ್ಪಾ" ಅಂದಳು.