ಓಗೊಟ್ಟಮ್ಮನ ಕಟ್ಟೆ

ಬೆಂಗಳೂರಿನ ನೆಲದಡಿಯ ರೈಲು ಅಗಸೆಬಾಗಿಲು ನಿಲ್ದಾಣದಲ್ಲಿ ಭೂಮಿಯೊಳಕ್ಕೆ ಇಳಿದು, ಹಳೆಯ ಪೇಟೆಯ ಅಡಿಯಲ್ಲೇ ಸಾಗಿ, ತೋಪಿನಕೆರೆ ನಿಲ್ದಾಣದಲ್ಲಿ ಮತ್ತೆ ಬೆಳಕು ಕಾಣುತ್ತದೆ. ಈ ದಾರಿಯ ನಡುಮಧ್ಯಕ್ಕೆ ಸರಿಯಾಗಿ, ಮೇಲೆ ಹಗ್ಗದಂಗಡಿ ಬೀದಿ ತಿರುಗುವ ಮೂಲೆಯಲ್ಲಿ, ಚಪ್ಪಡಿ ಕಲ್ಲಿನದೊಂದು ಕಟ್ಟೆಯಿದೆ. ಗುಡಿಯಿಲ್ಲ, ಗೋಪುರವಿಲ್ಲ, ಒಂದು ಚಿಟಿಕೆ ಕುಂಕುಮವೂ ಇಲ್ಲ. ಆದರೂ ಯಾವ ಆಟೋದವನನ್ನಾದರೂ ಕೇಳಿ, "ಓಗೊಟ್ಟಮ್ಮನ ಕಟ್ಟೆ ತಾನೆ? ಹತ್ತಿ" ಎನ್ನುತ್ತಾನೆ. ಹೆಸರು ಬಲು ಹಳೆಯದೆಂದು ಬಗೆದು ಶಾಸನ ಹುಡುಕಿಕೊಂಡು ಬಂದವರೂ ಉಂಟು. ಪಾಪ, ಬರಿಗೈಯಲ್ಲಿ ಹೋದರು.

ಹಿಂದೆ ಒಮ್ಮೆ ಎಂದರೆ ಪಾಳೆಯಗಾರರ ಕಾಲವೆಂದು ತಿಳಿಯಬೇಡಿ. ಈ ಸುರಂಗ ಕೊರೆಯುತ್ತಿದ್ದ ಕಾಲ. ನಮ್ಮ ಊರಿಗೆ ಅದೇ ಒಂದು ಯುಗ. ಆಗ ಗಂಗುಲಪ್ಪ, ಅಕ್ಕಯಮ್ಮ ಎಂಬ ಗಂಡಹೆಂಡತಿ ಇದ್ದರು. ತಲೆತಲಾಂತರದಿಂದ ಬಾವಿ ತೋಡುವ ಮನೆತನ. ಆ ಜನರಲ್ಲಿ ಒಂದು ಕಟ್ಟಳೆಯಿತ್ತು. ಬಾವಿಗಿಳಿದ ಗಂಡಸು ಮೇಲೇರುವ ಮುನ್ನ ಹೆಂಡತಿಯ ಹೆಸರು ಹಿಡಿದು ಕೂಗಬೇಕು. ದಂಡೆಯಲ್ಲಿ ಕುಳಿತ ಅವಳು "ಓ" ಎಂದ ಮೇಲೆಯೇ ಹಗ್ಗ ಮುಟ್ಟಬೇಕು. ಓಗೊಡದ ಬಾವಿಯಿಂದ ಹತ್ತಬಾರದು ಎನ್ನುತ್ತಿದ್ದರು. ಕೊಳವೆಬಾವಿ ಬಂದು ಅವರ ಕಸುಬು ಮುಗಿಯಿತು. ಗಂಗುಲಪ್ಪ ಸುರಂಗದ ಕೂಲಿಗೆ ಸೇರಿದ. ಕಸುಬು ಹೋದರೂ ಕಟ್ಟಳೆ ಬಿಡಲಿಲ್ಲ. ಪ್ರತಿ ಸಂಜೆ ಅಗಸೆಬಾಗಿಲಿನ ದೊಡ್ಡ ಗುಂಡಿಯ ಬೇಲಿಗೊರಗಿ ಅಕ್ಕಯಮ್ಮ ಕೂರುತ್ತಿದ್ದಳು. ಕೆಳಗಿನಿಂದ "ಅಕ್ಕಯಮ್ಮೋ!" ಎಂದು ಕೂಗು ಬರುತ್ತಿತ್ತು. ಇವಳು "ಓ!" ಎನ್ನುತ್ತಿದ್ದಳು. ಜೊತೆಯವರು ನಗುತ್ತಿದ್ದರು, ಮೆಟ್ಟಿಲಿರುವಾಗ ಇದೇನು ಹುಚ್ಚು ಎಂದು. ನಗಲಿ ಬಿಡಿ, ಎರಡು ವರ್ಷ ಅವನು ಅವಳ ಓ ಕೇಳದೆ ಒಂದು ಮೆಟ್ಟಿಲೂ ಹತ್ತಲಿಲ್ಲ.

ಅಷ್ಟರಲ್ಲಿ ಅವನಿಗೆ ಉಬ್ಬಸ ಶುರುವಾಯಿತು. ಒಂದು ಬೆಳಿಗ್ಗೆ ಅಕ್ಕಯಮ್ಮ ಬುತ್ತಿ ಕಟ್ಟುತ್ತಲೇ ರೇಗಿದಳು: "ಸಾಕು ಬಿಡಿ ಈ ಕೆಲಸ. ನಿಮ್ಮ ಎದೆ ಸದ್ದು ಬೀದಿಗೆ ಕೇಳ್ತದೆ."

"ಆಚೆ ಕಡೆ ತೂತು ಬೀಳಲಿ, ಬಿಡ್ತೀನಿ ಕಣೆ. ಅರ್ಧಕ್ಕೆ ಬಿಟ್ಟ ಬಾವಿ ಮನೆಗೆ ಒಳ್ಳೇದಲ್ಲ."

"ಹಾಗಾದ್ರೆ ಇವತ್ತು ನಾನು ಓ ಅನ್ನಲ್ಲ. ಏನ್ ಮಾಡ್ಕೋತೀರೋ ಮಾಡ್ಕೊಳ್ಳಿ!"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವನು ಬುತ್ತಿ ಹಿಡಿದು ನಡೆದ. ಮಧ್ಯಾಹ್ನದ ಹೊತ್ತಿಗೆ ಅವಳ ಸಿಟ್ಟು ಇಳಿಯಿತು. ಎಂದಿಗಿಂತ ಒಂದು ಗಂಟೆ ಮುಂಚೆಯೇ ಹೋಗಿ ಬೇಲಿಗೊರಗಿದಳು. ಇಂದು ಅವನು ಕೂಗುವ ಮೊದಲೇ ಓ ಎಂದುಬಿಡಬೇಕು ಎಂದುಕೊಂಡಳು. ಸಂಜೆಯಾಯಿತು, ಯಾರೂ ಬರಲಿಲ್ಲ. ಕಾವಲಿನವನು ಬಂದು, "ಯಾಕಮ್ಮ ಇಲ್ಲಿ ಕೂತೆ? ಆಚೆ ತೂತು ಬಿತ್ತು, ಎಲ್ಲಾ ತೋಪಿನಕೆರೆ ಕಡೆ ಹತ್ತಿದ್ರು, ಅಲ್ಲಿ ಲಾಡು ಹಂಚ್ತಾ ಇದಾರೆ" ಎಂದ. ಅಯ್ಯೋ, ಬಾವಿಗೆ ಒಂದೇ ಬಾಯಿ! ಇಳಿದ ಕಡೆ ಬಿಟ್ಟು ಬೇರೆ ಕಡೆ ಮನುಷ್ಯ ಮೇಲೇಳಬಹುದೆಂದು ಅವಳಿಗೆ ಎಂದೂ ಹೊಳೆದಿರಲಿಲ್ಲ. ಅಲ್ಲಿ ಗಂಡ ಕೂಗಿದರೆ ಓ ಎನ್ನುವವರು ಯಾರು? ಸೆರಗು ಸಿಕ್ಕಿಸಿಕೊಂಡು ಪೇಟೆಯ ಗದ್ದಲದಲ್ಲಿ ಓಡಿದಳು. ಹಗ್ಗದಂಗಡಿಯ ಮೂಲೆಯಲ್ಲಿ ಎಡವಿ ಬಿದ್ದು, ಎದ್ದು, ಮತ್ತೆ ಓಡಿದಳು.

ತೋಪಿನಕೆರೆಯಲ್ಲಿ ಹಾರ ಹಾಕಿಕೊಂಡ ಕೂಲಿಗಳು ಅವಳನ್ನು ಕಂಡು ಬೆಪ್ಪಾದರು. ಗಂಗುಲಪ್ಪ ಅಲ್ಲಿ ಮೇಲಕ್ಕೆ ಹತ್ತಿ ಬಂದಿರಲೇ ಇಲ್ಲ. ಅಲ್ಲಿನ ಗುಂಡಿಯ ಅಡಿಯಲ್ಲಿ ನಿಂತು ಮೂರು ಸಲ ಕೂಗಿದನಂತೆ. ಓ ಬರಲಿಲ್ಲ. "ನಾನು ಇಳಿದದ್ದು ಆ ಬಾಯಲ್ಲಿ. ಅವಳು ಅಲ್ಲೇ ಕೂತಿರ್ತಾಳೆ" ಎಂದು, ಕೊಟ್ಟ ಲಾಡನ್ನು ಅವಳಿಗೆಂದು ಕಟ್ಟಿಕೊಂಡು, ಸುರಂಗದಲ್ಲೇ ಹಿಂದಕ್ಕೆ ನಡೆದನಂತೆ. "ಇವತ್ತು ಓ ಅನ್ನಲ್ಲ ಅಂದಿದಾಳೆ, ಆದ್ರೆ ಅಂತಾಳೆ" ಎಂದು ನಕ್ಕನಂತೆ.

ಹುಡುಕಿಕೊಂಡು ಹೋದವರಿಗೆ ಅವನು ನಡುದಾರಿಯಲ್ಲಿ ಗೋಡೆಗೊರಗಿ ಕುಳಿತಂತೆ ಸಿಕ್ಕಿದ. ಉಸಿರು ನಿಂತಿತ್ತು. ಮೇಲೆ ಅದು ಯಾವ ಜಾಗವಾಗುತ್ತದೆಂದು ಅಕ್ಕಯಮ್ಮ ಕೇಳಿದಳು. ಹಗ್ಗದಂಗಡಿಯ ಮೂಲೆ ಎಂದರು. "ನಾನು ಅವರನ್ನು ದಾಟಿಕೊಂಡು ಓಡಿಬಿಟ್ಟೆನಲ್ಲಪ್ಪಾ!" ಎಂದು ಅವಳು ಅತ್ತದ್ದನ್ನು ಕಂಡವರು ಇಂದಿಗೂ ಹೇಳಲಾರದೆ ಹೇಳುತ್ತಾರೆ. ಮರುದಿನದಿಂದ ಆ ಮೂಲೆಗೇ ಬಂದು ಕುಳಿತಳು. ರೈಲು ಓಡತೊಡಗಿದ ಮೇಲೆ ಕಾಲಡಿಯ ನೆಲ ಸಣ್ಣಗೆ ನಡುಗಿದಾಗಲೆಲ್ಲ "ಓ" ಎನ್ನುತ್ತಿದ್ದಳು. ಹನ್ನೊಂದು ವರ್ಷ ಹಾಗೆ ಕುಳಿತಳು. ಹಗ್ಗದಂಗಡಿಯವರು ನೋಡಲಾರದೆ ಕಲ್ಲು ಹಾಸಿ ಕಟ್ಟೆ ಕಟ್ಟಿಸಿಕೊಟ್ಟರು.

ಈಗ ಅವಳಿಲ್ಲ. ಕಟ್ಟೆ ಮಾತ್ರ ಬರಿದಾಗಿ ಇರುವುದಿಲ್ಲ. ಸಂಜೆ ಹೊತ್ತು ಹೋದರೆ ನೀವೇ ಕಾಣಬಹುದು: ಮನೆಯಲ್ಲಿ ಮಾತು ಬಿಟ್ಟು ಬಂದವರು, ಕೋಪದಲ್ಲಿ ಬಾಗಿಲು ಬಡಿದು ಬಂದವರು ಒಬ್ಬೊಬ್ಬರೇ ಕುಳಿತಿರುತ್ತಾರೆ. ಕೆಳಗೆ ರೈಲು ಹೋಗಿ ಕಲ್ಲು ನಡುಗಿದಾಗ ಯಾರೋ ಒಬ್ಬರು ಮೆಲ್ಲಗೆ "ಓ" ಎನ್ನುತ್ತಾರೆ. ಹಾಗೆ ಅಂದವರು ಮತ್ತೆ ಅಲ್ಲಿ ಹೆಚ್ಚು ಹೊತ್ತು ಕೂರುವುದಿಲ್ಲ. ಎದ್ದು ಮನೆಯ ಕಡೆ ಬಿರಬಿರನೆ ನಡೆಯುತ್ತಾರೆ.