ಓಕುಳಿ ತೂಬು

ಬಿಳಿಗುಂಡಿಯ ಕೆರೆ ಏರಿಯನ್ನು ಇಳಿದರೆ ಸುಣ್ಣಗಲ್ಲಿನ ಹಳೆಯ ತೂಬೊಂದು ಕಾಣುತ್ತದೆ. ಕಲ್ಲು ಬಿಳಿ, ನೀರು ತಿಳಿ. ಕೆಂಪೆಂಬುದು ಹುಡುಕಿದರೂ ಸಿಗದು. ಆದರೂ ಊರವರು ಅದನ್ನು ಓಕುಳಿ ತೂಬು ಎನ್ನುತ್ತಾರೆ. ಇಲ್ಲಿ ಓಕುಳಿಯಾಡಿದವರು ಯಾರೆಂದು ಕೇಳಿದರೆ ಹಿರಿಯರಿಗೆ ನಗು. ಯಾರೂ ಆಡಲಿಲ್ಲವಂತೆ, ಒಬ್ಬಳ ಬಾಳು ಮಾತ್ರ ನೀರುಪಾಲಾಗುವುದರಲ್ಲಿತ್ತಂತೆ.

ಹಿಂದೆ ಒಮ್ಮೆ, ಕೆರೆ ಕಟ್ಟಿ ಮೊದಲ ಮಳೆಗೇ ಅದು ತುಂಬಿದ ವರ್ಷ, ನಿಂಬೆವ್ವನೆಂಬ ಹುಡುಗಿ ಆ ಊರಿಗೆ ಸೊಸೆಯಾಗಿ ಬಂದಳು. ಮದುವೆಯ ಅರಿಶಿನದ ಸೀರೆಯನ್ನು ಒಗೆಯಲೆಂದು ತೂಬಿನ ಸಂದಿನಿಂದ ಜಿನುಗುತ್ತಿದ್ದ ನೀರಿನಲ್ಲಿ ಅದ್ದಿದಳು. ಅದ್ದಿದ್ದೇ ತಡ, ಹಳದಿ ಸೀರೆ ಕೆಂಪೋ ಕೆಂಪು! ಜೊತೆಗಿದ್ದ ಹೆಂಗಸರು ಕೊಡ ಬಿಟ್ಟು ಓಡಿದರು. ರಕ್ತ ಬಂತು, ಕೆರೆ ಬಲಿ ಬೇಡುತ್ತಿದೆ, ಇವಳ ಕಾಲ್ಗುಣವೇ ಕೆಟ್ಟದ್ದು ಎಂದು ಊರೆಲ್ಲ ಗುಲ್ಲೆದ್ದಿತು. ಹೊತ್ತು ಮುಳುಗುವುದರೊಳಗೆ ತವರಿಗೆ ಕಳಿಸಿಬಿಡಿ ಎಂದರು ದೈವದವರು, ಅಂದರೆ ಊರಿನ ಪಂಚರು. ಗಾಡಿ ಹೂಡಿದ್ದೂ ಆಯಿತು. ಪಾಪ, ನಿಂಬೆವ್ವನಿಗೆ ಅಳುವುದಕ್ಕೂ ಬಾಯಿ ಬರಲಿಲ್ಲ. ಗಂಡನ ಮುಖವನ್ನೇ ಇನ್ನೂ ನೆಟ್ಟಗೆ ನೋಡಿರಲಿಲ್ಲ. ಹೋಗಿ ಅವ್ವನಿಗೆ ಏನಂತ ಹೇಳುವುದು?

ಅತ್ತೆ ತಿಪ್ಪವ್ವನಿಗೆ ಮನಸ್ಸು ತಡೆಯಲಿಲ್ಲ. ಹೋಗುವವಳಿಗೆ ದೃಷ್ಟಿಯನ್ನಾದರೂ ತೆಗೆದು ಕಳಿಸೋಣವೆಂದು ತಾಟಿನಲ್ಲಿ ಅರಿಶಿನದ ನೀರು ಮಾಡಿ, ಚಿಟಿಕೆ ಸುಣ್ಣ ಕದಡಿದಳು. ನೀರು ಕೆಂಪಾಯಿತು. ಮುದುಕಿಯ ಬೆರಳು ತಾಟಿನಲ್ಲೇ ನಿಂತಿತು. ಮರುಕ್ಷಣ ತಾಟು ಹಿಡಿದುಕೊಂಡೇ ಬೀದಿಗೆ ಓಡಿಬಂದಳು.

“ಅಯ್ಯ ನಿಮ್ಮ ಬುದ್ಧಿಗಿಷ್ಟು! ದಿನಾ ಸುಣ್ಣಾ ಸುಡೋ ಊರಿಗೆ ರಕ್ತ ಯಾವುದು, ಓಕುಳಿ ಯಾವುದು ತಿಳೀಲಿಲ್ಲೇನ? ಕೆರಿ ಬಲಿ ಬೇಡಾಕತ್ತಿಲ್ರೋ, ತೂಬು ಸುಣ್ಣಾ ಉಗುಳಾಕತ್ತೈತಿ! ಮೊದಲು ಎತ್ತು ಬಿಚ್ರಿ!”

ಆಗ ಎಲ್ಲರಿಗೂ ಹೊಳೆಯಿತು. ಮಳೆಗೆ ಮುಂಚೆ ಕೆರೆ ಮುಗಿಸುವ ಅವಸರದಲ್ಲಿ ತೂಬಿನ ಸುಣ್ಣದ ಗಾರೆಯನ್ನು ಸರಿಯಾಗಿ ಅರೆದಿರಲಿಲ್ಲ, ಒಣಗಲೂ ಬಿಟ್ಟಿರಲಿಲ್ಲ. ಹಸಿ ಸುಣ್ಣವೆಲ್ಲ ನೀರಿನಲ್ಲಿ ಕರಗಿ ಹೋಗುತ್ತಿತ್ತು. ಇನ್ನಷ್ಟು ಬಿಟ್ಟಿದ್ದರೆ ಏರಿಯೇ ಕುಸಿದು ಊರಿನ ಕೆಳಗಿನ ಕೇರಿ ಕೊಚ್ಚಿಹೋಗುತ್ತಿತ್ತು. ತೂಬು ತೆಗೆದು ನೀರು ಇಳಿಸಿದರು. ಹೊಸದಾಗಿ ಕಲ್ಲು ಸುಟ್ಟು, ಬೆಲ್ಲದ ನೀರು ಹಾಕಿ ಬೆಣ್ಣೆಯಂತೆ ಗಾರೆ ಅರೆದು ಸಂದು ಮುಚ್ಚಿದರು. ನಿಂಬೆವ್ವನನ್ನು ಒಯ್ಯಲು ಹೂಡಿದ್ದ ಗಾಡಿಯೇ ಆ ಸುಣ್ಣವನ್ನೆಲ್ಲ ಹೊತ್ತಿತು. ನಿಂಬೆವ್ವ ಆಗ ಅತ್ತೆಯ ಹೆಗಲಿಗೆ ಆತು ಗೊಳೋ ಎಂದು ಅತ್ತಳು. “ಈಗ ಅಳವ್ವ, ಹೊಟ್ಟಿ ತುಂಬ ಅಳು,” ಎಂದಳು ತಿಪ್ಪವ್ವ.

ಇಂದಿಗೂ ಬಿಳಿಗುಂಡಿಗೆ ಬರುವ ಹೊಸ ಸೊಸೆ ಮನೆ ತುಂಬುವ ಮುನ್ನ ತೂಬಿನ ನೀರಿನಲ್ಲಿ ಅರಿಶಿನದ ದಾರ ಅದ್ದುತ್ತಾಳೆ. ಎಲ್ಲರೂ ಉಸಿರು ಬಿಗಿಹಿಡಿದು ನೋಡುತ್ತಾರೆ. ದಾರ ಹಳದಿಯಾಗಿಯೇ ಮೇಲೆ ಬರುತ್ತದೆ. ಆಗ ಅತ್ತೆಯಾದವಳು, ಸೊಸೆ ಕಾರಿನಲ್ಲಿ ಬಂದಿದ್ದರೂ ಸರಿಯೇ, ಸುತ್ತ ನಿಂತವರಿಗೆಲ್ಲ ಕೇಳುವಂತೆ ಕೂಗುತ್ತಾಳೆ: “ಎತ್ತು ಬಿಚ್ರಿ!”